ಮೂರೂವರೆ ಬೆರಳು

ಹಾಸನಾಂಬೆ ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ ಕೆಲವೇ ದಿನ ತೆರೆಯುತ್ತದೆ. ಹಾಸನದವರಿಗೆ ಆ ಸಾಲು ಹೊಸದಲ್ಲ. 2022ರಲ್ಲಿ ನಾನು, ನನ್ನ ಓರಗಿತ್ತಿ ಬೆಳಗಿನ ಜಾವವೇ ಹೋಗಿ ನಿಂತಿದ್ದೆವು. ಒಬ್ಬ ಹುಡುಗ, ಸ್ವಯಂಸೇವಕ ಇರಬೇಕು, ನನ್ನನ್ನು ನೋಡಿ ಹಗ್ಗ ಎತ್ತಿದ. "ಅಮ್ಮ, ನೀವು ಈ ಕಡೆಯಿಂದ ಬನ್ನಿ. ಇಂಥ ಟೈಮಲ್ಲಿ ಇಷ್ಟೊತ್ತು ನಿಲ್ಲಬಾರದು" ಅಂದ.

ನನಗಾಗ 41 ವರ್ಷ. ಮಕ್ಕಳು ಒಂಬತ್ತನೇ ಕ್ಲಾಸು. ಹೊಟ್ಟೆಯಲ್ಲಿ ಇದ್ದದ್ದು ಅರ್ಧ ಲೋಟ ಕಾಫಿ.

ಸತ್ಯ ಹೇಳುತ್ತೇನೆ, ನಾನು ಹೋಗಿಬಿಟ್ಟೆ. "ಇವರು ನನ್ನ ಜೊತೆಗಿರೋರು" ಅಂತ ಓರಗಿತ್ತಿಯನ್ನೂ ಎಳೆದುಕೊಂಡೆ. ಕಾಲು ಗಂಟೆಯಲ್ಲಿ ದರ್ಶನ ಮುಗಿಯಿತು. ಅವಳು ದಾರಿಯುದ್ದಕ್ಕೂ ನಕ್ಕಳು, ನಾನೂ ನಕ್ಕೆ. ಮನೆಗೆ ಬಂದು ಸೀರೆ ಬಿಚ್ಚುವಾಗ ಮಾತ್ರ ನಗು ಬರಲಿಲ್ಲ.

ನನ್ನ ಹೊಟ್ಟೆಯ ಕಥೆ ಶುರುವಾಗಿದ್ದು ಅವಳಿ ಮಕ್ಕಳಿಂದ. ಕೊನೇ ತಿಂಗಳಲ್ಲಿ ನನ್ನ ಕಾಲು ನನಗೆ ಕಾಣುತ್ತಿರಲಿಲ್ಲ. ಸಿಸೇರಿಯನ್ ಆಯ್ತು. ಬಾಣಂತನಕ್ಕೆ ಹೋದಾಗ ಅಮ್ಮ ಹಳೇ ಕಾಟನ್ ಸೀರೆ ಹರಿದು ಹೊಟ್ಟೆ ಕಟ್ಟಲು ಬಂದರು. ಹೊಲಿಗೆ ನೋಯುತ್ತೆ ಅಂತ ನಾನು ಬಿಡಲಿಲ್ಲ. "ಅವತ್ತು ಕಟ್ಟಿಸ್ಕೊಂಡಿದ್ರೆ ಹಿಂಗಾಗ್ತಿತ್ತಾ?" ಅಂತ ಅಮ್ಮ ಇವತ್ತಿಗೂ ಅನ್ನುತ್ತಾರೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ. ಅದೂ ಬೆಳಗ್ಗೆ ಇದ್ದ ಹೊಟ್ಟೆ ಸಂಜೆ ಇರುತ್ತಿರಲಿಲ್ಲ. ಸ್ಕೂಲಿನಿಂದ ಬರುವ ಹೊತ್ತಿಗೆ ಇನ್ನೂ ಮುಂದೆ ಬಂದಿರುತ್ತಿತ್ತು. ಅನ್ನ ಬಿಟ್ಟೆ, ನವಣೆ ತಿಂದೆ, ಕೆರೆ ಏರಿ ಮೇಲೆ ನಡೆದೆ. ಕೆನ್ನೆ ಇಳಿಯಿತು, ಹೊಟ್ಟೆ ಅಲುಗಲಿಲ್ಲ. ಹಾಗೆ ಸಂಜೆಗೆ ಉಬ್ಬುವ ಹೊಟ್ಟೆ ಏನು ಹೇಳುತ್ತಿದೆ ಅಂತ ಆಗಲೇ ಯಾರನ್ನಾದರೂ ಕೇಳಬೇಕಿತ್ತು. ಗ್ಯಾಸ್ ಅಂದುಕೊಂಡೆ.

ಹೊಟ್ಟೆ ಸರಿಮಾಡಿಸಲು ಬೆಂಗಳೂರಿನ ಒಂದು ಕಾಸ್ಮೆಟಿಕ್ ಸರ್ಜರಿ ಕ್ಲಿನಿಕ್ಕಿಗೆ ಹೋದದ್ದು 2023ರ ಫೆಬ್ರವರಿಯಲ್ಲಿ. ಹೆಸರು ಬೇಡ. ಅತ್ತೆಗೆ ಹೇಳಿದಾಗ ಅವರ ಮೊದಲ ಮಾತು, "ಹೋದ ವರ್ಷ ಟೀವೀಲಿ ಬಂದಿತ್ತಲ್ಲಮ್ಮ, ಆ ಹುಡುಗಿ..." 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಆಪರೇಷನ್ ಆದ ಮೇಲೆ 21 ವರ್ಷದ ಕಿರುತೆರೆ ನಟಿ ತೀರಿಕೊಂಡಿದ್ದಳು. ನಮ್ಮನೆಯಲ್ಲಿ ಅವಳ ಧಾರಾವಾಹಿ ನೋಡದವರಿಗೂ ಆ ಸುದ್ದಿ ಗೊತ್ತಿತ್ತು. ಹಾಗಾಗಿ ನಾನು ಒಂದು ವಿಷಯ ಗಟ್ಟಿಯಾಗಿ ವಿಚಾರಿಸಿದೆ. ಡಾಕ್ಟರು ಎಂಬಿಬಿಎಸ್, ಎಂಎಸ್ ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಮಾಡಿದ್ದಾರಾ? ಮಾಡಿದ್ದರು. ಆಪರೇಷನ್ ಥಿಯೇಟರು, ಅರಿವಳಿಕೆ ತಜ್ಞರು, ಪಕ್ಕದಲ್ಲೇ ಐಸಿಯು, ಎಲ್ಲ ಇತ್ತು. ಜೀವ ಉಳಿಯುತ್ತಾ ಅಂತ ಮಾತ್ರ ಕೇಳಿಕೊಂಡೆ. ಹೊಟ್ಟೆ ಸರಿಹೋಗುತ್ತಾ ಅನ್ನೋದನ್ನು ಅವರೇ ನೋಡಿಕೊಳ್ಳುತ್ತಾರೆ ಅಂದುಕೊಂಡೆ.

ಮೊದಲು ಮಾತಾಡಿದ್ದು ಕೌನ್ಸೆಲರ್. ಚಂದದ ಹುಡುಗಿ, ಕೈಯಲ್ಲಿ ಟ್ಯಾಬ್. ಮುಕ್ಕಾಲು ಗಂಟೆ ಮಾತಾಡಿದಳು. ಮೂರು ಪ್ಯಾಕೇಜ್ ತೋರಿಸಿದಳು. ಬರೀ ಲೈಪೊಸಕ್ಷನ್, ಅಂದರೆ ಕೊಳವೆಯಿಂದ ಕೊಬ್ಬು ಎಳೆಯುವುದು, ಒಂದು. ಲೈಪೊ ಜೊತೆಗೆ ಮಿನಿ ಟಮ್ಮಿ ಟಕ್ ಇನ್ನೊಂದು. ಪೂರ್ತಿ ಟಮ್ಮಿ ಟಕ್ ಮೂರನೆಯದು. ಟಮ್ಮಿ ಟಕ್ ಅಂದರೆ ಜೋಲು ಚರ್ಮ ಕತ್ತರಿಸಿ ಹೊಟ್ಟೆ ಬಿಗಿ ಮಾಡುವುದು. ಪೂರ್ತಿ ಅಂದರೆ ಸೊಂಟದ ಈ ಕೊನೆಯಿಂದ ಆ ಕೊನೆವರೆಗೆ ಕೊಯ್ತ, ಹೊಕ್ಕಳನ್ನು ಬಿಡಿಸಿ ಹೊಸ ಜಾಗದಲ್ಲಿ ಕೂರಿಸುವುದು, ಮೂರು ಲಕ್ಷ. ಮಿನಿ ಅಂದರೆ ಸಿಸೇರಿಯನ್ ಗೆರೆಗಿಂತ ಸ್ವಲ್ಪ ಉದ್ದ, ಹೊಕ್ಕಳು ಮುಟ್ಟಲ್ಲ, ಎರಡು ಲಕ್ಷದ ಹತ್ತು ಸಾವಿರ. "ನಿಮಗೆ ಮಿನಿ ಸಾಕು ಅನ್ಸುತ್ತೆ ಮೇಡಂ, ನೀವು ಅಷ್ಟೇನೂ ದಪ್ಪ ಇಲ್ಲ" ಅಂದಳು. ಈ ಮಾತು ಕೇಳಿ ನನಗೆ ಖುಷಿಯೇ ಆಯ್ತು ನೋಡಿ.

ಡಾಕ್ಟರು ಬಂದದ್ದು ಹತ್ತು ನಿಮಿಷ. ನಿಲ್ಲಿಸಿ ನೋಡಿದರು, ಪಕ್ಕಕ್ಕೆ ತಿರುಗಿಸಿದರು, ಕೆಳಹೊಟ್ಟೆಯ ಜೋಲು ಚರ್ಮ ಹಿಡಿದರು. ಮಲಗಿಸಿ ನೋಡಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಾನು ಮಿನಿ ಅಂದೆ, ಅವರು "ಮಾಡಬಹುದು" ಅಂದರು. ಮಾಡಬಹುದು ಅನ್ನುವುದಕ್ಕೂ ಅದೇ ಮಾಡಬೇಕು ಅನ್ನುವುದಕ್ಕೂ ಎಷ್ಟು ದೂರ ಅಂತ ಗಣಿತದ ಟೀಚರಾದ ನನಗೆ ಆವತ್ತು ಹೊಳೆಯಲಿಲ್ಲ.

ಚೀಟಿ ಎತ್ತಿದ ದುಡ್ಡು ಇತ್ತು. ಬಿಲ್ ನೋಡಿದರೆ ಮೇಲೆ ಶೇ 18 ಜಿಎಸ್‌ಟಿ, 37,800 ರೂಪಾಯಿ. ಕಾಯಿಲೆಯ ಚಿಕಿತ್ಸೆಗೆ ಈ ತೆರಿಗೆ ಇಲ್ಲ, ಅಂದಕ್ಕೆ ಮಾಡಿಸುವ ಸರ್ಜರಿಗೆ ಇದೆ. ವಿಮೆಯಂತೂ ಕೊಡುವುದೇ ಇಲ್ಲ. ಅಂದರೆ ಸರ್ಕಾರದ ಲೆಕ್ಕದಲ್ಲಿ ನಾನು ಶೋಕಿಗೆ ಹೊರಟವಳು. ಮನೆಯಲ್ಲೂ ಹೆಚ್ಚುಕಡಿಮೆ ಅದೇ ಲೆಕ್ಕ. ನಮ್ಮ ಯಜಮಾನರು ಬೇಡ ಅನ್ನಲಿಲ್ಲ, "ನಿನ್ನಿಷ್ಟ" ಅಂದರು. ಮದುವೆಯಾದವರಿಗೆ ಗೊತ್ತಿರುತ್ತೆ, "ನಿನ್ನಿಷ್ಟ" ಅಂದರೆ ಏನು ಅಂತ.

ಸ್ಕೂಲಿನಲ್ಲಿ ಹರ್ನಿಯಾ ಆಪರೇಷನ್ ಅಂತ ಸುಳ್ಳು ಹೇಳಿದೆ. ಬೇಸಿಗೆ ರಜೆ ಶುರುವಾಗುತ್ತಿದ್ದ ಹಾಗೆ, ಏಪ್ರಿಲ್‌ನಲ್ಲಿ ಅಡ್ಮಿಟ್ ಆದೆ. ಆಪರೇಷನ್ ಬಗ್ಗೆ ಹೇಳಲು ನನಗೇನೂ ಇಲ್ಲ, ನಿದ್ದೆ ಮಾಡುತ್ತಿದ್ದೆ. ಎದ್ದಾಗ ಹೊಟ್ಟೆಯ ಮೇಲೆ ಯಾರೋ ಒಳಕಲ್ಲು ಇಟ್ಟ ಹಾಗಿತ್ತು. ಪಕ್ಕದಲ್ಲಿ, ಗಾಯದೊಳಗಿನ ನೀರು ಕೊಳವೆಯಿಂದ ಇಳಿಯುವ ಡ್ರೈನ್ ಬಾಟಲು. "2.4 ಲೀಟರ್ ಕೊಬ್ಬು ತೆಗೆದಿದ್ದೀವಿ" ಅಂತ ನರ್ಸ್ ಹೇಳಿದರು. ನಂದಿನಿ ಹಾಲಿನ ಪ್ಯಾಕೆಟ್ ಲೆಕ್ಕದಲ್ಲಿ ಸುಮಾರು ಐದು ಅಂತ ಮನಸ್ಸಿನಲ್ಲೇ ಹಾಕಿದೆ.

ರಾತ್ರಿ ಹಾಸಿಗೆ ಪೂರ್ತಿ ಒದ್ದೆ. ತಿಳಿ ಗುಲಾಬಿ ನೀರು. ಇವರು ಹೆದರಿ ನರ್ಸನ್ನು ಕೂಗಿದರು. ಅದು ರಕ್ತವಲ್ಲ. ಕೊಬ್ಬು ಎಳೆಯುವ ಮೊದಲು ಉಪ್ಪುನೀರಿಗೆ ಲಿಡೊಕೇನ್, ಅಡ್ರಿನಲಿನ್ ಬೆರೆಸಿ ಚರ್ಮದ ಕೆಳಗೆ ತುಂಬುತ್ತಾರೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ ತಂದ ವಿಧಾನ ಅದು. ರಕ್ತ ಕಡಿಮೆ ಹೋಗಲಿ, ನೋವು ಗೊತ್ತಾಗದಿರಲಿ ಅಂತ. ಆ ನೀರು ಒಂದೆರಡು ದಿನ ಸಣ್ಣ ತೂತುಗಳಿಂದ ಸೋರುತ್ತದೆ. ಮೊದಲೇ ಒಂದು ಮಾತು ಹೇಳಿದ್ದರೆ ಅವರ ಬಿಪಿ ಏರುತ್ತಿರಲಿಲ್ಲ.

ಮನೆಗೆ ಬಂದ ಮೇಲಿನದ್ದು ಇದೆಯಲ್ಲ, ಅದನ್ನು ಯಾವ ಪ್ಯಾಕೇಜಿನಲ್ಲೂ ಬರೆದಿರಲಿಲ್ಲ. ಎದೆಯ ಕೆಳಗಿನಿಂದ ತೊಡೆಯವರೆಗೆ ಬಿಗಿ ಉಡುಪು, ಆರು ವಾರ, ಹಗಲೂ ರಾತ್ರಿ. ಏಪ್ರಿಲ್ ಸೆಖೆ. ಕೊಕ್ಕೆ ಹಾಕಲು ಇಬ್ಬರು ಬೇಕು. ಅಮ್ಮ ಬಂದಿದ್ದರು. ಕೊಕ್ಕೆ ಎಳೆದು ಸಿಕ್ಕಿಸುತ್ತಾ, "ಹದಿನಾಲ್ಕು ವರ್ಷದ ಹಿಂದೆ ಬಿಟ್ಟಿ ಕಟ್ಟುತ್ತೀನಿ ಅಂದೆ, ನೀನು ಬೇಡ ಅಂದೆ. ಈಗ ಎರಡೂವರೆ ಲಕ್ಷ ಕೊಟ್ಟು ಕಟ್ಟಿಸ್ಕೋತಿದ್ದೀಯ" ಅಂದರು. ನಕ್ಕರೆ ಹೊಲಿಗೆ ಎಳೆಯುತ್ತೆ, ನಗಲೂ ಆಗಲಿಲ್ಲ. ನೆಟ್ಟಗೆ ನಿಲ್ಲಲು ಹತ್ತು ದಿನ ಬೇಕಾಯಿತು. ಅಲ್ಲಿವರೆಗೆ ಬಗ್ಗಿಕೊಂಡೇ ಓಡಾಟ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಮಲಗಿಯೂ ಇರುವ ಹಾಗಿಲ್ಲ.

ಡ್ರೈನ್ ತೆಗೆದು ಒಂದು ವಾರಕ್ಕೆ ಕೆಳಹೊಟ್ಟೆಯಲ್ಲಿ ನೀರು ಅಲ್ಲಾಡಿದ ಹಾಗೆ ಆಗತೊಡಗಿತು. ತಿರುಗಿದರೆ ಎಳನೀರು ಅಲ್ಲಾಡಿಸಿದ ಹಾಗೆ. ಸೆರೋಮಾ ಅಂದರು. ಚರ್ಮ ಎತ್ತಿದ ಜಾಗದಲ್ಲಿ ನೀರು ತುಂಬಿಕೊಳ್ಳುವುದು. ಸಿರಿಂಜಿನಲ್ಲಿ ಎಳೆದರು, 90 ಎಂಎಲ್. ನಾಲ್ಕು ದಿನಕ್ಕೆ ಮತ್ತೆ 60. ಆಮೇಲೆ 20. ಮೂರು ಸಲ ಹಾಸನದಿಂದ ಬೆಂಗಳೂರಿಗೆ, ಬಿಗಿ ಉಡುಪಿನ ಮೇಲೆ ನೈಟಿ, ಅದರ ಮೇಲೆ ಶಾಲು. ಹೊಕ್ಕಳಿನ ಕೆಳಗೆ ಮುಟ್ಟಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಮುಟ್ಟಿನ ನೋವಿಗೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಟೀವಿ ನೋಡುತ್ತಾ ಕೂತಿದ್ದೆ. ತೆಗೆದಾಗ ಚರ್ಮ ಕೆಂಪಗೆ ಸುಟ್ಟಿತ್ತು, ನನಗೆ ಸುದ್ದಿಯೇ ಇಲ್ಲ. ಇದನ್ನು ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಶಾಖದ ಹತ್ತಿರ ಹೋಗಬೇಡಿ.

ಮೊದಲ ಮೂರು ತಿಂಗಳು ಊತ ಅಂದರು. ನಂಬಿದೆ. ಅದು ಸುಳ್ಳೂ ಅಲ್ಲ, ಊತ ಪೂರ್ತಿ ಇಳಿಯಲು ಆರು ತಿಂಗಳಿಂದ ವರ್ಷ ಬೇಕಾಗುತ್ತದೆ. ಆದರೆ ಊತ ಇಳಿದ ಹಾಗೆಲ್ಲ ನನಗೆ ಬೇರೇನೋ ಕಾಣಿಸತೊಡಗಿತು. ಹೊಕ್ಕಳಿನ ಕೆಳಗೆ ಅಂಗಳದ ಹಾಗೆ ಸಪಾಟು. ಮೇಲೆ ದಿಣ್ಣೆ. ಮೊದಲು ಗಡಿಗೆಯಾದರೂ ಒಂದೇ ಆಕಾರ ಇತ್ತು. ಈಗ ಎರಡು ಬೇರೆ ಬೇರೆ ಹೆಂಗಸರ ಹೊಟ್ಟೆ ತಂದು ಹೊಕ್ಕಳಲ್ಲಿ ಹೊಲಿದ ಹಾಗೆ. ಗೆರೆಯ ಎರಡು ತುದಿಯಲ್ಲಿ ಚರ್ಮ ಮುದುರಿ ಕಿವಿಯ ಹಾಗೆ ಎದ್ದಿತ್ತು. ಅದನ್ನು 'ನಾಯಿ ಕಿವಿ' ಅಂತಲೇ ಕರೆಯುತ್ತಾರಂತೆ. ಲಂಗದ ಲಾಡಿ ಸರಿಯಾಗಿ ಆ ಕಿವಿಗಳ ಮೇಲೆ ಬರುತ್ತಿತ್ತು. ಸೀರೆ ಉಟ್ಟರೆ ನಿರಿಗೆ ಚಂದ ಕೂರುತ್ತೆ, ನಿಜ. ಅದರ ಮೇಲಿನಿಂದ ದಿಣ್ಣೆ ಇಣುಕುತ್ತೆ.

ಜೂನ್‌ನಲ್ಲಿ ಸ್ಟಾಫ್ ರೂಮಿನಲ್ಲಿ ಹಿಂದಿ ಮೇಡಂ ನೋಡಿ, "ಹರ್ನಿಯಾ ತೆಗೆದ್ಮೇಲೂ ಹೊಟ್ಟೆ ಹಂಗೇ ಇರುತ್ತಾ?" ಅಂತ ಕೇಳಿದರು. ಪಾಪ, ನನ್ನ ಮೇಲಿನ ಕಾಳಜಿಗೇ ಕೇಳಿದ್ದು. ನಾನೇ ಕಟ್ಟಿಕೊಂಡ ಸುಳ್ಳು, ನಾನೇ ಉತ್ತರ ಹೇಳಬೇಕು. "ಊತ" ಅಂದೆ.

ಕ್ಲಿನಿಕ್ಕಿನಲ್ಲಿ ಆರನೇ ತಿಂಗಳಿಗೆ, "ಮೇಲೆ ಸ್ವಲ್ಪ ಉಳಿದಿದೆ, ತೂಕ ಇಳಿಸಿ, ಕ್ರಂಚಸ್ ಮಾಡಿ" ಅಂದರು. ಮಲಗಿ ತಲೆ, ಭುಜ ಎತ್ತುವ ಆ ವ್ಯಾಯಾಮ ದಿನಕ್ಕೆ ಐವತ್ತು ಮಾಡಿದೆ. ದಿಣ್ಣೆ ಇನ್ನೂ ಚೂಪಾಯಿತು. ತಲೆ ಎತ್ತಿದಾಗಲೆಲ್ಲ ಎದೆಗೂಡಿನಿಂದ ಹೊಕ್ಕಳವರೆಗೆ ಒಂದು ಬದು ಎದ್ದು ನಿಲ್ಲುತ್ತಿತ್ತು. ಮೀನಿನ ಬೆನ್ನಿನ ಹಾಗೆ.

ಯಾರ ಹತ್ತಿರ ಹೇಳಿಕೊಳ್ಳುವುದು? ಗಾಲ್‌ಬ್ಲಾಡರ್ ಆಪರೇಷನ್ ಕೆಟ್ಟರೆ ಊರೇ ಬಂದು ಅಯ್ಯೋ ಅನ್ನುತ್ತೆ. ಇದಕ್ಕೆ ಹಾಗಲ್ಲ. ಒಂದು ರಾತ್ರಿ ಅಳು ತಡೆಯಲಾಗಲಿಲ್ಲ. ಇವರು ಲೈಟ್ ಹಾಕಿದರು. "ನಿನಗ್ಯಾರು ಮಾಡಿಸ್ಕೊ ಅಂದಿದ್ರು?" ಅಂದರು. ಕೋಪದಲ್ಲಿ ಅಂದದ್ದಲ್ಲ, ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನನಗಂತೂ ಮುಂಚೇನೂ ಏನೂ ಅನ್ಸಿರಲಿಲ್ಲ" ಅಂದರು. ಗಂಡಸರು ಇದನ್ನು ಹೊಗಳಿಕೆ ಅಂದುಕೊಂಡು ಹೇಳುತ್ತಾರೆ. ನಾನು ಮಾಡಿಸಿಕೊಂಡದ್ದು ಅವರ ಕಣ್ಣಿಗಾಗಿ ಅಲ್ಲವಲ್ಲ.

ಡಿಸೆಂಬರ್‌ನಲ್ಲಿ ಮೈಸೂರಿನ ಒಬ್ಬರು ಹಿರಿಯ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದೆ. ಅವರು ಮೊದಲು ಮಾಡಿದ್ದೇ, "ಮಲಕೊಳ್ಳಿ ಅಮ್ಮ" ಅಂದದ್ದು. ಮಂಡಿ ಮಡಿಸಿ ಅಂದರು. ಕೈ ಊರದೆ ತಲೆ ಮಾತ್ರ ಎತ್ತಿ ಅಂದರು. ಬದು ಎದ್ದಿತು. ಅದರ ಮೇಲೆ ಬೆರಳು ಅಡ್ಡ ಇಟ್ಟು ಒತ್ತಿದರು. ಬೆರಳು ಒಳಗೆ ಇಳಿಯಿತು. ಒಂದು, ಎರಡು, ಮೂರು. "ಮೂರೂವರೆ" ಅಂದರು. ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಇಟ್ಟರು. ಎರಡು ಕಡೆ ಗಟ್ಟಿ ಗೋಡೆ, ನಡುವೆ ಮೆತ್ತಗೆ. ಹದಿನಾಲ್ಕು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಅವತ್ತು ಮೊದಲ ಸಲ ಮುಟ್ಟಿದೆ.

ಹೊಟ್ಟೆಯ ಮುಂಭಾಗದಲ್ಲಿ ಮೇಲಿನಿಂದ ಕೆಳಗೆ ಎರಡು ಪಟ್ಟಿ ಸ್ನಾಯು ಇರುತ್ತವೆ. ಬಸಿರಿನಲ್ಲಿ ಅವು ದೂರ ಸರಿಯುತ್ತವೆ. ಬಹಳ ಜನರಿಗೆ ಮತ್ತೆ ಹತ್ತಿರ ಬರುತ್ತವೆ, ಕೆಲವರಿಗೆ ಬರುವುದಿಲ್ಲ. ಅವಳಿ ಹೆತ್ತವರಿಗೆ ಆ ಭಯ ಜಾಸ್ತಿ. ಇದಕ್ಕೆ ಡಯಾಸ್ಟಾಸಿಸ್ ರೆಕ್ಟೈ ಅಂತ ಹೆಸರು. ಆಗ ಒಳಗಿನ ಕರುಳು ನಡುವಿನ ಸಡಿಲ ಜಾಗದಿಂದ ಮುಂದೆ ಒತ್ತುತ್ತದೆ. ಊಟ ಮಾಡಿ, ದಿನವೆಲ್ಲ ನಿಂತು ಪಾಠ ಮಾಡಿ ಸಂಜೆಯಾಗುವ ಹೊತ್ತಿಗೆ ಜಾಸ್ತಿ ಒತ್ತುತ್ತದೆ. ಲೈಪೊ ತೆಗೆಯುವುದು ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ. ಸ್ನಾಯುವಿನ ಒಳಗೆ, ಕರುಳಿನ ಸುತ್ತ ಇರುವ ಕೊಬ್ಬಿಗೆ ಆ ಕೊಳವೆ ಹೋಗುವುದಿಲ್ಲ, ಹೋಗಲೂಬಾರದು. ಮಿನಿ ಟಕ್ ಹೊಕ್ಕಳಿನ ಕೆಳಗಿನದ್ದನ್ನು ಬಿಗಿ ಮಾಡುತ್ತದೆ. ನನ್ನ ಬಿರುಕು ಇದ್ದದ್ದು ಮುಖ್ಯವಾಗಿ ಮೇಲೆ. ಕೆಳಗೆ ಬಿಗಿದಾಗ ಮೇಲಿನದ್ದು ಇನ್ನಷ್ಟು ಎದ್ದು ಕಂಡಿತು. ಮೇಲಿದ್ದ ಕೊಬ್ಬು ತೆಗೆದದ್ದರಿಂದ ಮರೆಯೂ ಹೋಯಿತು.

ಅವರು ಮೇಲ್ಹೊಟ್ಟೆಯ ಚರ್ಮ ಚಿವುಟಿ ನೋಡಿ, "ಇಲ್ಲಿ ಕೊಬ್ಬು ಉಳಿದಿಲ್ಲ. ಚೆನ್ನಾಗೇ ತೆಗೆದಿದ್ದಾರೆ. ಕೆಲಸ ಕೆಟ್ಟಿಲ್ಲಮ್ಮ, ನಿಮಗೆ ಬೇಕಾದ ಕೆಲಸ ಅಲ್ಲ ಅಷ್ಟೆ" ಅಂದರು.

ಕೆಲಸವೇ ಕೆಟ್ಟಿದ್ದರೆ ಬೈಯ್ಯಲು ಸುಲಭ ಇತ್ತು.

ಸ್ಕ್ಯಾನ್ ಮಾಡಿಸಿದರು. ಹರ್ನಿಯಾ ಇಲ್ಲ, ಹೊಕ್ಕಳಿನ ಮೇಲೆ 4.4 ಸೆಂಟಿಮೀಟರ್ ಅಂತರ. ಸುಳ್ಳು ಹೇಳಿದ್ದ ಹರ್ನಿಯಾ ಕೂಡ ಇಲ್ಲ ಅಂತ ರಿಪೋರ್ಟ್ ಬಂತು. ಕ್ರಂಚಸ್ ನಿಲ್ಲಿಸಿ ಅಂದರು, ಅದು ನಡುವಿನ ಜಾಗವನ್ನು ಇನ್ನೂ ಮುಂದೆ ತಳ್ಳುತ್ತದೆ. ಫಿಸಿಯೋಥೆರಪಿಗೆ ಕಳಿಸಿದರು. ಉಸಿರು ಬಿಡುತ್ತಾ ಹೊಟ್ಟೆಯ ಒಳಪದರ ಎಳೆದುಕೊಳ್ಳುವುದು, ಬಿಂದಿಗೆ ಎತ್ತುವ ಮೊದಲು ಹಾಗೆ ಎಳೆದುಕೊಳ್ಳುವುದು, ಹಾಸಿಗೆಯಿಂದ ಪಕ್ಕಕ್ಕೆ ಹೊರಳಿ ಏಳುವುದು. ಇದರಿಂದ ಬೆನ್ನುನೋವು ಕಡಿಮೆಯಾಗಬಹುದು, ಇಷ್ಟು ಅಗಲದ ಅಂತರ ಪೂರ್ತಿ ಮುಚ್ಚುತ್ತೆ ಅಂತ ನಂಬಿಸಲ್ಲ ಅಂದರು. ಮುಚ್ಚಬೇಕಾದರೆ ಪೂರ್ತಿ ಟಮ್ಮಿ ಟಕ್. ಎದೆಗೂಡಿನಿಂದ ಕೆಳಗಿನವರೆಗೆ ಸ್ನಾಯು ಸೇರಿಸಿ ಹೊಲಿಯಬೇಕು. ಅದೂ ಮೊದಲ ಆಪರೇಷನ್ ಆಗಿ ವರ್ಷ ತುಂಬಿದ ಮೇಲೆ. ಅಂದರೆ ಟ್ಯಾಬಿನಲ್ಲಿದ್ದ ಮೂರನೇ ಪ್ಯಾಕೇಜ್.

ಬೆಂಗಳೂರಿಗೆ ಹೋಗಿ ಕೇಳಿದೆ. ಜಗಳ ಮಾಡಲಿಲ್ಲ. ಡಾಕ್ಟರು ಕಂಪ್ಯೂಟರ್ ನೋಡಿ, "ಮಿನಿ ನೀವೇ ಆರಿಸಿದ್ದು" ಅಂದರು. ಹೌದು, ನಾನೇ. ಗೆರೆ ಚಿಕ್ಕದು, ರಜೆ ಕಡಿಮೆ, ತೊಂಬತ್ತು ಸಾವಿರ ಉಳಿತಾಯ. ಇದರಲ್ಲಿ ನನ್ನ ಪಾಲು ನನಗೆ ಗೊತ್ತು. ಆದರೆ ಸೀರೆ ಅಂಗಡಿಯಲ್ಲಿ ಆರಿಸುವ ಹಾಗೆ ಆರಿಸಲು ನನ್ನ ಮುಂದೆ ಇಟ್ಟವರು ಯಾರು? ಯಾವ ಹೊಟ್ಟೆಗೆ ಯಾವ ಆಪರೇಷನ್ ಅಂತ ಹೇಳಬೇಕಾದವರು ದರಪಟ್ಟಿ ಕೈಗೆ ಕೊಟ್ಟರೆ, ಎಂಸಿಎಚ್ ಓದಿದ್ದು ಯಾಕೆ? ಸಹಿ ಹಾಕಿದ ಒಪ್ಪಿಗೆ ಪತ್ರ ಹನ್ನೊಂದು ಪುಟ, ಇಂಗ್ಲಿಷು. ಏಳನೇ ಪುಟದಲ್ಲಿ ಇತ್ತು, ಆಕಾರ ಸಮ ಬಾರದೆ ಇರಬಹುದು, ಮತ್ತೆ ಮಾಡಬೇಕಾದರೆ ಖರ್ಚು ರೋಗಿಯದ್ದೇ ಅಂತ. ಮಕ್ಕಳಿಗೆ ಪ್ರಶ್ನೆ ಪೂರ್ತಿ ಓದಿ ಅಂತ ದಿನಾ ಹೇಳುವವಳು ನಾನು.

ನಮ್ಮ ಚಿಕ್ಕಪ್ಪನ ಮಗ ವಕೀಲ. ಡಾಕ್ಟರ ಸೇವೆ ಕೂಡ ಗ್ರಾಹಕ ಕಾಯ್ದೆಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ, ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷ ಅವಕಾಶ ಇದೆ ಅಂದ. "ಅಕ್ಕ, ಮೊದಲು ಫೈಲ್ ತರಿಸ್ಕೊ. ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ನಿಯಮ ಇದೆ" ಅಂದ. ಬರೆದು ಕೇಳಿದೆ. ನಾಲ್ಕನೇ ದಿನ ಬಂತು.

ಅದನ್ನು ಊಟದ ಟೇಬಲ್ ಮೇಲೆ ಹರಡಿಕೊಂಡು ಪರೀಕ್ಷೆ ಪೇಪರ್ ತಿದ್ದುವ ಹಾಗೆ ಓದಿದೆ. ಮೊದಲ ಭೇಟಿಯ ಹಾಳೆಯಲ್ಲಿ ತೂಕ ಇದೆ, ಬಿಪಿ ಇದೆ, ಸಿಸೇರಿಯನ್ ಇದೆ. 'ಹೊಟ್ಟೆಯ ಸ್ನಾಯು' ಅನ್ನುವ ಸಾಲಿನ ಮುಂದೆ ಖಾಲಿ. ಆಪರೇಷನ್ ಹಾಳೆಯಲ್ಲಿ ಮಾತ್ರ ಒಂದು ಸಾಲು, ಹೊಕ್ಕಳಿನ ಕೆಳಗೆ ಸ್ನಾಯು ಸೇರಿಸಿ ಹೊಲಿಯಲಾಗಿದೆ ಅಂತ. ಅಂದರೆ ಒಳಗೆ ಹೋದಾಗ ಕಂಡಿದೆ. ಆಮೇಲೂ ಯಾರೂ ನನಗೆ ಹೇಳಲಿಲ್ಲ. ತೂಕ ಇಳಿಸಿ ಅಂದರು.

ಕೊನೆಯಲ್ಲಿ ಫೋಟೋಗಳಿದ್ದವು. ಆಪರೇಷನ್ ಮುಂಚಿನದ್ದು ಪಕ್ಕದಿಂದ ತೆಗೆದದ್ದು. ಆವತ್ತು ಕ್ಲಿನಿಕ್ಕಿನ ಹುಡುಗಿ, "ಹೊಟ್ಟೆ ಸಡಿಲ ಬಿಡಿ ಮೇಡಂ" ಅಂದಿದ್ದು ನೆನಪಾಯಿತು. ಆಮೇಲಿನದ್ದು ನಾಲ್ಕನೇ ತಿಂಗಳಿನದು. ಆವತ್ತು ಅವಳು, "ಉಸಿರು ಎಳೆದು ನೆಟ್ಟಗೆ ನಿಲ್ಲಿ" ಅಂದಿದ್ದಳು. ಹೊಸ ಲೈಟು, ಬೆನ್ನು ನೇರ, ಹೊಟ್ಟೆ ಒಳಗೆ. ಇವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಪರವಾಗಿಲ್ವೇ, ಇದು ಚೆನ್ನಾಗೇ ಬಂದಿದೆ" ಅಂದರು.

ನಿಜ. ಅದನ್ನು ನೋಡಿದರೆ ನಾನೇ ಮತ್ತೆ ಹೋಗಿ ಅಲ್ಲಿ ದುಡ್ಡು ಕಟ್ಟುತ್ತೇನೆ. ಕಳೆದ ವಾರ ಕ್ಲಿನಿಕ್ಕಿನಿಂದ ವಾಟ್ಸಾಪ್ ಬಂದಿತ್ತು, ಮುಖ ಕಾಣದ ಹಾಗೆ ಈ ಎರಡು ಫೋಟೋ ಹಾಕಬಹುದಾ ಮೇಡಂ ಅಂತ. ಮೂರನೆಯದೂ ಕಳಿಸುತ್ತೇನೆ, ಅದನ್ನೂ ಸೇರಿಸಿ ಹಾಕಿ ಅಂತ ಬರೆದೆ. ಸಂಜೆ ಸ್ಕೂಲಿನಿಂದ ಬಂದ ಮೇಲೆ, ಉಸಿರು ಬಿಟ್ಟುಕೊಂಡು ನಿಂತು, ಮಗಳ ಕೈಯಲ್ಲಿ ಪಕ್ಕದಿಂದ ತೆಗೆಸಿದ್ದು. ನೀಲಿ ಟಿಕ್ ಬಂದಿದೆ. ಉತ್ತರ ಬಂದಿಲ್ಲ.